ನಾಲ್ಕು ಬೆರಳಿನ ಗಡ್ಡೆ, ಸಂಡೂರು ಘಾಟಿಯ ಇಳಿಜಾರು

ಪಕ್ಕೆಲುಬಿನ ಕೆಳಗೆ, ಎಡಗಡೆ, ಅಂಗೈ ಒತ್ತಿಕೊಂಡು ಕೂತವರನ್ನು ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಹೋದ ವಾರ ಕಮಲಾಪುರದ ಕಾಲುವೆ ಕಟ್ಟೆಯ ಮೇಲೆ ಅಂಥವನೊಬ್ಬ ಕೂತಿದ್ದ. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಮುಖ ಮಾತ್ರ ಬಾಡಿದ ವೀಳ್ಯದೆಲೆಯ ಬಣ್ಣ. ಸೈಕಲ್ ನಿಲ್ಲಿಸಿ, "ಎಷ್ಟು ಬೆರಳು?" ಎಂದು ಕೇಳಿದೆ. ಅವನು ಬೆಚ್ಚಿ ನೋಡಿದ. "ಮೂರು ಅಂದಾರ್ರೀ ಡಾಕ್ಟ್ರು" ಎಂದ. "ನಂದು ನಾಲ್ಕಿತ್ತು" ಎಂದೆ. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಸೈಕಲ್ಲನ್ನು ನೋಡಿದ, ಆಮೇಲೆ ನಕ್ಕ. ಅವನ ಪಕ್ಕದಲ್ಲಿ ಅರ್ಧ ಗಂಟೆ ಕೂತು ಎಲ್ಲ ಹೇಳಿದೆ. ಹೊರಡುವಾಗ, "ಇದನ್ನ ನಮ್ಮವ್ವಗ ಬಂದು ಹೇಳ್ರಿ" ಎಂದು ಕೈ ಹಿಡಿದುಕೊಂಡ. ಅವನ ಊರು ಕಂಪ್ಲಿಯ ಆಚೆ. ಅಂಥ ತಾಯಂದಿರು ಎಷ್ಟು ಊರಲ್ಲಿದ್ದಾರೋ, ಎಲ್ಲರ ಮನೆಗೂ ಹೋಗಲು ನನಗೆ ಪುರಸೊತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಚಳಿಜ್ವರ ಬಂದು ಬಂದು ಹೊಟ್ಟೆಯ ಎಡಗಡೆ ಕಟ್ಟುವ ಗಟ್ಟಿಯನ್ನು ನಮ್ಮ ಕಡೆ ಜ್ವರಗಡ್ಡೆ ಎನ್ನುತ್ತಾರೆ. ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗಿಳಿದಿದೆ ಎಂಬುದೇ ಅದರ ಅಳತೆ. ಇದಕ್ಕಿಂತ ಹೆಚ್ಚಿನ ವೈದ್ಯವಿದ್ಯೆ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ದವಾಖಾನೆಯ ಜಗಲಿ, ನಮ್ಮವ್ವನ ಕೈ, ನನ್ನ ಹೆಂಡತಿಯ ಹಟ, ಮತ್ತು ಸಂಡೂರಿನ ಘಾಟಿ.

ಆಗ ನನಗೆ ಇಪ್ಪತ್ತೆಂಟು. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಕೆಲಸ ಸೈಕಲ್ ಮೇಲೆ ವೀಳ್ಯದೆಲೆ ಸಾಗಿಸುವುದು. ಬೆಳಕು ಹರಿಯುವ ಹೊತ್ತಿಗೆ ಕಾಲುವೆ ಪಕ್ಕದ ಎಲೆತೋಟಕ್ಕೆ ಹೋಗಿ, ಎಲೆಯ ಪೆಂಡಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿ ಹೊದಿಸಿ, ಕ್ಯಾರಿಯರಿಗೆ ಬಿಗಿದು, ಬಿಸಿಲೇರುವುದರೊಳಗೆ ಅಂಗಡಿಗಳಿಗೆ ಮುಟ್ಟಿಸಬೇಕು. ಎಲೆ ಬಾಡಿತೋ, ಅಂಗಡಿಯವರು ಮಾರನೆಯ ದಿನ ನಮ್ಮ ಮುಖ ನೋಡುವುದಿಲ್ಲ. ಸೈಕಲ್ಲು ರೈಲ್ವೆ ಗಾರ್ಡೊಬ್ಬರು ವರ್ಗವಾಗಿ ಹೋಗುವಾಗ ನನಗೆ ಬಿಟ್ಟುಹೋದದ್ದು. ಸೀಟಿನ ಚರ್ಮ ಅವರ ಅಳತೆಗೆ ತಗ್ಗಾಗಿತ್ತು, ನನ್ನ ಅಳತೆಗೆ ಬರಲು ಎರಡು ವರ್ಷ ಹಿಡಿಯಿತು.

ನನಗೆ ದಾರಿಗಳು ಮೂರು. ಕಡ್ಡಿರಾಂಪುರ ದಾಟಿ ಹಂಪಿಗೆ ಹೋಗುವುದು ಹತ್ತಿರದ್ದು. ಬಂಡೆಗಳ ಸಂದಿಯಲ್ಲಿ ಹಾದುಹೋಗುವ ದಾರಿ, ಬೇಸಿಗೆಯಲ್ಲೂ ಮುಂಜಾನೆ ತಂಪು. ಕಂಪ್ಲಿಯದು ಉದ್ದ, ಆದರೆ ಸಪಾಟು. ಗದ್ದೆ, ಬಾಳೆ, ಕಬ್ಬು ನೋಡುತ್ತ ಪೆಡಲ್ ತುಳಿಯುತ್ತಲೇ ತೂಕಡಿಸಬಹುದು, ನಾನು ತೂಕಡಿಸಿ ಒಮ್ಮೆ ಕಾಲುವೆಗೂ ಬಿದ್ದಿದ್ದೇನೆ. ಮೂರನೆಯದು ಸಂಡೂರು. ಅದರ ಹೆಸರು ಬರೆಯುವಾಗಲೇ ನನ್ನ ಕಾಲು ಮಿಡಿಯುತ್ತದೆ.

ಜಂಬುನಾಥನ ಗುಡ್ಡ ಹಿಂದೆ ಬಿದ್ದ ಮೇಲೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಮ್ಮಣ್ಣಿನ ದಾರಿ, ಎರಡೂ ಕಡೆ ಗುಡ್ಡದ ಸಾಲು, ಎದುರಿಗೆ ಮ್ಯಾಂಗನೀಸ್ ಅದಿರು ಹೇರಿಕೊಂಡು ಸ್ಟೇಷನ್ನಿಗೆ ಇಳಿಯುವ ಎತ್ತಿನ ಬಂಡಿಗಳು. ಘಾಟಿ ಏರುವಾಗ ಸೀಟಿನಿಂದ ಎದ್ದು ನಿಂತು ತುಳಿಯಬೇಕು. ಹಿಂದಿನ ಹೊರೆ ಹಿಂದಕ್ಕೇ ಜಗ್ಗುತ್ತದೆ, ಬೆವರು ಕಣ್ಣಿಗಿಳಿಯುತ್ತದೆ. ನೆತ್ತಿ ಮುಟ್ಟಿದಾಗ ಒಮ್ಮೆಲೇ ಗಾಳಿ ಬರುತ್ತದೆ, ಕೆಳಗೆ ಸಂಡೂರಿನ ಕಣಿವೆ ಹಸಿರಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲಿನದು ಇಳಿಜಾರು. ಪೆಡಲ್ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡರೆ ಸಾಕು. ತಿರುವಿನಲ್ಲಿ ಮೈ ವಾಲಿಸುವುದು, ಬ್ರೇಕಿನ ರಬ್ಬರು ಕಾದ ವಾಸನೆ, ಕಿವಿಯಲ್ಲಿ ಗಾಳಿ, ಅಂಗಿ ಬೆನ್ನ ಮೇಲೆ ಪಟಪಟ. ದಿನದ ದುಡಿತಕ್ಕೆಲ್ಲ ಅದೇ ನನ್ನ ಬಹುಮಾನವಾಗಿತ್ತು. ಬೇಸಿಗೆಯಲ್ಲಿ ಇನ್ನೂ ಮೇಲೆ, ರಾಮನದುರ್ಗಕ್ಕೂ ಹೋಗುತ್ತಿದ್ದೆ. ಅಲ್ಲಿಯ ಬಂಗಲೆಗಳಿಗೆ ಬರುವ ದೊರೆಗಳು ಎಲೆ ತಿನ್ನುವುದಿಲ್ಲ, ಆದರೆ ಅವರ ಬಟ್ಲರುಗಳು, ಮಾಲಿಗಳು ತಿನ್ನದೆ ಬಿಡುವುದಿಲ್ಲ. ದೊಡ್ಡ ಪರ್ವತಗಳನ್ನು ಕಂಡವರು ನಮ್ಮ ದುರ್ಗವನ್ನು ನೋಡಿ ನಗಬಹುದು. ಎಲೆಯ ಹೊರೆ ಹೊತ್ತು ಒಮ್ಮೆ ತುಳಿದು ನೋಡಲಿ, ಆಮೇಲೆ ನಗಲಿ.

ಗೌರಿ ನನಗೆ ಸಿಕ್ಕಿದ್ದೂ ಆ ದಾರಿಯಲ್ಲೇ. ಸಂಡೂರಿನ ಪೇಟೆಯಲ್ಲಿ ನಾನು ಎಲೆ ಹಾಕುತ್ತಿದ್ದ ಅಂಗಡಿ ಅವಳ ತಂದೆಯದು. ಮೂರು ವರ್ಷ ಎಲೆ ತಂದವನಿಗೆ ಮಗಳನ್ನು ಕೊಟ್ಟರು. ಬಾಡಿದ ಎಲೆ ಒಂದು ದಿನವೂ ತರಲಿಲ್ಲ ಎಂಬುದೇ ನನ್ನ ಕುಲಗೋತ್ರವಾಯಿತು.

ಎಲೆತೋಟ ಎಂದರೆ ನೆರಳು, ನೀರು, ಸೊಳ್ಳೆ. ಒಂದು ಮಳೆಗಾಲದ ಕೊನೆಗೆ ನನಗೆ ಚಳಿಜ್ವರ ಬಂತು. ಚಿತ್ತವಾಡ್ಗಿಯಲ್ಲಿ ಚಳಿಜ್ವರ ಬರದವರು ಯಾರು? ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ, ಸರಿಯಾಗಿ ಹನ್ನೊಂದು ಗಂಟೆಗೆ ಹಲ್ಲು ಕಟಕಟ ಎನ್ನಲು ಶುರುವಾಗುತ್ತಿತ್ತು. ಹೊತ್ತು ಗೊತ್ತಾದ ಮೇಲೆ ನಾನು ದಾರಿಗಳನ್ನೇ ಅದಕ್ಕೆ ಹೊಂದಿಸಿಕೊಂಡೆ. ಜ್ವರದ ದಿನ ಹಂಪಿ, ಒಂಬತ್ತಕ್ಕೆಲ್ಲ ಮನೆ ಸೇರಿ ಕಂಬಳಿ ಹೊದ್ದು ಕಾಯುವುದು. ಜ್ವರವಿಲ್ಲದ ದಿನ ಸಂಡೂರು. ಈ ಜಾಣತನದ ಬಗ್ಗೆ ನನಗೆ ಭಾರೀ ಹೆಮ್ಮೆಯಿತ್ತು.

"ಅದೇನ್ ಬೀಗರೇನ್ರೀ, ಬರೋ ದಿನ ನೋಡಿ ಹಾಸಿಗಿ ಹಾಸಿಡಾಕ?" ಎಂದು ಗೌರಿ ಸಿಡುಕುತ್ತಿದ್ದಳು. "ದವಾಖಾನಿಗೆ ನಡೀರಿ ಅಂದ್ರ ಕಿವಿ ಕೇಳಂಗಿಲ್ಲ."

ನಾನು ಹೋಗಲಿಲ್ಲ. ಮಳೆ ಹೋಗಿ ಚಳಿಗಾಲ ಬಂತು. ಘಾಟಿ ದಿನದಿನಕ್ಕೆ ಕಡಿದಾಗುತ್ತಿದೆ ಅನ್ನಿಸತೊಡಗಿತು. ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು, ಎಡಪಕ್ಕೆಯಲ್ಲಿ ಏನೋ ಭಾರ. ನಾನು ಹೊರೆಯನ್ನು ಬಲಕ್ಕೆ ಸರಿಸಿ ಕಟ್ಟಿದೆ, ಸೀಟು ಎತ್ತರ ಮಾಡಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ತಪ್ಪು ಸೈಕಲ್ಲಿನದೇ ಎಂದು ನಂಬಿದ್ದೆ. ಒಂದು ಮುಂಜಾನೆ ಘಾಟಿಯ ಮೂರನೆಯ ತಿರುವಿನಲ್ಲಿ ಕಣ್ಣು ಕತ್ತಲಿಟ್ಟಿತು. ಬೀಳುವ ಮೊದಲೇ ಇಳಿದು ಕಲ್ಲಿನ ಮೇಲೆ ಕೂತೆನಂತೆ, ನನಗೆ ನೆನಪಿಲ್ಲ. ಅದಿರಿನ ಬಂಡಿಯವನೊಬ್ಬ ನನ್ನನ್ನೂ ಸೈಕಲ್ಲನ್ನೂ ಎತ್ತಿ ಅದಿರಿನ ರಾಶಿಯ ಮೇಲೆ ಹಾಕಿಕೊಂಡು, ಅರೆಎಚ್ಚರದಲ್ಲಿ ನಾನು ಹೇಳಿದ ಗುರುತು ಹಿಡಿದು ಹೊಸಪೇಟೆಗೆ ತಂದ. ಅವನ ಹೆಸರು ಕೇಳಲೂ ನನಗೆ ತ್ರಾಣವಿರಲಿಲ್ಲ. ಇವತ್ತಿಗೂ ಎದುರಿಗೆ ಬರುವ ಪ್ರತಿಯೊಬ್ಬ ಬಂಡಿಯವನಿಗೂ ನಾನು ಒಂದೆರಡು ಎಲೆ ಕೊಡುತ್ತೇನೆ, ಅವರಲ್ಲಿ ಒಬ್ಬ ಅವನಿರಬಹುದು.

ಅದಿರಿನ ಪುಡಿ ಮೆತ್ತಿ ನಾನು ಅಡಿಯಿಂದ ಮುಡಿಯವರೆಗೆ ಕರ್ರಗಾಗಿದ್ದೆ. ಬಾಗಿಲಲ್ಲಿ ಬಂಡಿ ನಿಂತಾಗ ಅವ್ವ ಹೊರಗೆ ಬಂದು ನೋಡಿದಳು. ಗುರುತು ಸಿಗಲಿಲ್ಲ. "ಯಾರ ಮನ್ಯಾಗ್ ಇಳಿಸಬೇಕಪ್ಪ ಈ ಪಾಪದವನ್ನ?" ಎಂದು ಬಂಡಿಯವನನ್ನೇ ಕೇಳಿದಳು. ನಾನು ಕಣ್ಣು ಬಿಟ್ಟು, "ಅವ್ವಾ" ಎಂದೆ. ಅವಳು ಕೂಗಿದ ಕೂಗಿಗೆ ಓಣಿಯೆಲ್ಲ ಸೇರಿತು.

ಸರ್ಕಾರಿ ದವಾಖಾನೆಯ ಜಗಲಿಯ ಮೇಲೆ ಕೂತವರ ಕೈಯಲ್ಲೆಲ್ಲ ಒಂದೊಂದು ಖಾಲಿ ಬಾಟಲಿ. ಬಾಟಲಿ ನಾವೇ ಒಯ್ಯಬೇಕು, ಔಷಧ ಅವರು ತುಂಬಿಕೊಡುತ್ತಾರೆ. ಕೆಲವರದ್ದು ಎಣ್ಣೆಯ ಬಾಟಲಿ, ಕೆಲವರದ್ದು ಸೋಡಾದ್ದು, ಒಬ್ಬ ಅಜ್ಜಿಯದು ಅತ್ತರಿನ ಪುಟ್ಟ ಶೀಸೆ. ಮೊದಲ ದಿನ ನಾನು, ಗೌರಿ, ಅವ್ವ ಗೊತ್ತಿಲ್ಲದೆ ಬರಿಗೈಲಿ ಹೋಗಿದ್ದೆವು. ಪಕ್ಕದಲ್ಲಿದ್ದ ಆ ಅಜ್ಜಿ, "ಹೊರಗ ಹುಣಸಿ ಗಿಡದ ಬುಡಕ ಇರ್ತಾವ ನೋಡ್ರಿ, ಯಾರಾದ್ರೂ ಬಿಟ್ಟು ಹೋಗಿರ್ತಾರ" ಎಂದಳು. ಗೌರಿ ಹೋಗಿ ಒಂದನ್ನು ಹೆಕ್ಕಿ ತೊಳೆದು ತಂದಳು. ಯಾರೋ ಗುಣವಾದವರು ಬಿಟ್ಟುಹೋದದ್ದು ಎಂದು ಅಂದುಕೊಂಡೆವು. ಬೇರೆ ರೀತಿ ಅಂದುಕೊಳ್ಳಲು ಮೂವರಿಗೂ ಧೈರ್ಯವಿರಲಿಲ್ಲ.

ಡಾಕ್ಟರು ತೆಲುಗು ಸೀಮೆಯವರು, ಆನೆಯಂಥ ಆಳು. ನನ್ನನ್ನು ಮಲಗಿಸಿ ಪಕ್ಕೆಲುಬಿನ ಕೆಳಗೆ ಬೆರಳು ಒತ್ತುತ್ತ ಇಳಿದರು. "ನಾಲ್ಕು ಬೆರಳು" ಎಂದರು. "ಏಮಯ್ಯಾ, ಏನು ಕೆಲಸ ನಿಂದು?"

"ಸೈಕಲ್ ಮ್ಯಾಲ ಎಲಿ ಒಯ್ಯೂದ್ರಿ. ಸಂಡೂರು ಘಾಟಿ."

ಅವರ ಕೈ ನಿಂತಿತು. "ಇನ್ನು ಮೇಲೆ ಸೈಕಲ್ ಮುಟ್ಟಬಾರದು. ಈ ಗಡ್ಡೆ ಇರುವಾಗ ಬಿದ್ದರೆ ಒಳಗೇ ಒಡೆಯುತ್ತದೆ. ನೀರು ಕೇಳುವಷ್ಟು ಹೊತ್ತೂ ಉಳಿಯುವುದಿಲ್ಲ. ತಿಳಿಯಿತಾ?"

ತಿಳಿಯಿತು. ಆದರೆ ನನ್ನ ಎದೆ ಝಲ್ಲೆಂದದ್ದು ಸಾವಿಗೋ ಸೈಕಲ್ಲಿಗೋ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಹೊರಗೆ ಬಂದಾಗ ಗೌರಿ ನನ್ನ ತೋಳು ಹಿಡಿದುಕೊಂಡಿದ್ದಳು. ಓಣಿಯ ಜನ ಓಡಾಡುವ ರಸ್ತೆಯಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಮನೆಗೆ ಬಂದ ಕೂಡಲೇ ಅವ್ವ ಬಾವಿಯ ಹಗ್ಗ ತಂದು ಸೈಕಲ್ಲನ್ನು ತೊಲೆಗೆ ತೂಗುಹಾಕಿಸಿದಳು. ಕೆಳಗಿದ್ದರೆ ನಾನು ಹತ್ತಿಬಿಡುತ್ತೇನೆ ಎಂದು ಅವಳಿಗೆ ಖಾತ್ರಿ. ನಾನು ಅದರ ಕೆಳಗೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಗಾಳಿ ಬಂದಾಗ ಮುಂದಿನ ಗಾಲಿ ತಾನೇ ಒಂದಿಷ್ಟು ತಿರುಗುತ್ತಿತ್ತು. ಎಲೆತೋಟದವರು ಆ ದಿನಗಳಲ್ಲಿ ಸಂಡೂರಿನ ಎಲೆಯನ್ನು ಮೋಟಾರು ಬಸ್ಸಿಗೆ ಹಾಕಿದರು, ಗೌರಿ ತೋಟಕ್ಕೆ ಹೋಗಿ ಎಲೆ ಕಟ್ಟುವ ಕೆಲಸಕ್ಕೆ ನಿಂತಳು.

ಕ್ವಿನೈನಿನ ಕಹಿ ಹೇಳಿದರೆ ತಿಳಿಯುವಂಥದ್ದಲ್ಲ. ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಕತ್ತರಿಯಿಂದ ಹಲ್ಲು ಹಲ್ಲು ಕತ್ತರಿಸಿ ಕೊಡುತ್ತಿದ್ದರು, ಹೊತ್ತಿಗೆ ಒಂದು ಹಲ್ಲಿನಷ್ಟು ಔಷಧ. ಕುಡಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಒಮ್ಮೆ ಓಣಿಯಲ್ಲಿ ನಡೆಯುತ್ತಿದ್ದವನು, ಹಿಂದೆ ಯಾರೋ ಸೈಕಲ್ ಗಂಟೆ ಹೊಡೆಯುತ್ತಿದ್ದಾರೆ ಎಂದು ಗೋಡೆಗೆ ಸರಿದು ನಿಂತೆ. ಯಾರೂ ಇರಲಿಲ್ಲ. ನಾನೊಬ್ಬನೇ ನಕ್ಕೆ, ಆಮೇಲೆ ಕಣ್ಣಲ್ಲಿ ನೀರು ಬಂತು.

ಈಗ ಅವ್ವನ ಕೈಯ ವಿಷಯ. ಡಾಕ್ಟರು ಬೆರಳಿಟ್ಟು ಅಳೆದದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಇಷ್ಟು ಸುಲಭದ ವಿದ್ಯೆಗೆ ದವಾಖಾನೆ ಯಾಕೆ ಎಂದು ತಾನೇ ಶುರು ಮಾಡಿದಳು. ಪ್ರತಿ ಶುಕ್ರವಾರ ಮನೆ ಸಾರಿಸಿ, ತಲೆ ಮೇಲೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಆಮೇಲೆ ನನ್ನನ್ನು ಮಲಗಿಸಿ ಅಳತೆ. ಮೊದಲ ಶುಕ್ರವಾರ ಆರು ಬೆರಳು ಬಂತು. ಅವಳು ನನಗೆ ಹೇಳಲಿಲ್ಲ. ಎರಡನೆಯ ವಾರವೂ ಆರು. ಮೂರನೆಯ ವಾರ ಐದೂವರೆ. ನಾಲ್ಕನೆಯ ವಾರ ಐದು. ಅಂದರೆ ಇಳಿಯುತ್ತಿತ್ತು! ಆದರೆ ಅವ್ವನ ತಲೆಯಲ್ಲಿ ಕೂತಿದ್ದದ್ದು ಡಾಕ್ಟರು ಹೇಳಿದ ನಾಲ್ಕು. ನಾಲ್ಕಿದ್ದದ್ದು ಔಷಧ ಕುಡಿದು ಐದಾಗಿದೆ ಎಂದು ಅವಳು ಲೆಕ್ಕ ಹಾಕಿದಳು. ಮಗ ಕೈಬಿಟ್ಟು ಹೋಗುತ್ತಿದ್ದಾನೆ ಎಂದು ಒಬ್ಬಳೇ ಒಳಗೊಳಗೆ ಸುಟ್ಟುಕೊಂಡಳು. ಐದನೆಯ ವಾರ ಅಳೆಯಲೇ ಇಲ್ಲ, ನೇರ ಗಾದಿಗನೂರಿಗೆ ಹೇಳಿಕಳಿಸಿದಳು.

ಗಾದಿಗನೂರಿನ ಈರಪ್ಪಜ್ಜ ಬರೆ ಹಾಕುವುದರಲ್ಲಿ ಹೆಸರಾದವರು. ಗಡ್ಡೆಯ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆದರೆ ಅದು ಕರಗುತ್ತದೆ ಎಂಬುದು ನಮ್ಮ ಸೀಮೆಯ ನಂಬಿಕೆ. ನಮ್ಮ ಓಣಿಯಲ್ಲೇ ಹೊಟ್ಟೆಯ ಮೇಲೆ ಬರೆಯಿದ್ದವರು ಹತ್ತಾರು ಜನ. ಅಜ್ಜ ಬೆಳಿಗ್ಗೆ ಬಂದು, ಅಂಗಳದಲ್ಲಿ ಸಗಣಿ ಕುಳ್ಳು ಹಚ್ಚಿ, ಕಬ್ಬಿಣದ ಸಲಾಕೆ ಇಟ್ಟು, ಅವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತ ಕೂತರು. ಸಣ್ಣಗೆ ಕೆಮ್ಮುತ್ತಿದ್ದರು. ನಾನು ಒಳಗೆ ಮಲಗಿ ಬೆವರುತ್ತಿದ್ದೆ. ಬೇಡ ಎಂದು ಹೇಳಬಹುದಿತ್ತು. ಆದರೆ ಅವ್ವನ ಮುಖ ನೋಡಿದಾಗ ಬಾಯಿ ಬರಲಿಲ್ಲ. ಒಂದು ಬರೆಯಿಂದ ಅವಳಿಗೆ ಸಮಾಧಾನವಾಗುವುದಾದರೆ ಆಗಲಿ ಎಂದು ಹಲ್ಲು ಕಚ್ಚಿದ್ದೆ.

ಗೌರಿ ತೋಟದಿಂದ ಬಂದವಳು ಹೊಗೆ ನೋಡಿ ಅಂಗಳದಲ್ಲೇ ನಿಂತಳು.

"ಅತ್ತಿ, ಇದೇನು?"

"ಬರಿ. ನಿನ್ ಗಂಡನ್ನ ಉಳಿಸ್ಕೊಳ್ಳಾಕ. ನಾಲ್ಕಿದ್ದದ್ದು ಐದಾಗೈತಿ. ಆ ಕಹಿ ನೀರು ಕುಡಿಸಿ ಕುಡಿಸಿ ಗಡ್ಡಿಗೆ ಗೊಬ್ಬರ ಹಾಕಿದಂಗ ಆತು."

ಗೌರಿಯ ಮುಖ ಬಿಳಿಚಿತು. ಐದು ಎಂಬುದು ಅವಳಿಗೂ ಅದೇ ಮೊದಲು ಗೊತ್ತಾದದ್ದು. ಕೊಡದಲ್ಲಿದ್ದ ನೀರನ್ನು ಬೆಂಕಿಯ ಮೇಲೆ ಸುರಿದುಬಿಟ್ಟಳು. ಅತ್ತೆಯ ಎದುರು ಅವಳು ಅಂಥದ್ದು ಎಂದೂ ಮಾಡಿದವಳಲ್ಲ.

"ಇವತ್ತು ದವಾಖಾನಿಗೆ ಹೋಗಾಣ. ಡಾಕ್ಟ್ರೂ ಐದು ಅಂದ್ರ, ನಾನೇ ಬೆಂಕಿ ಊದ್ತೀನಿ. ಅಜ್ಜಾ, ನೀವೂ ಬರ್ರಿ. ಸಲಾಕಿ ಬೇಕಾದ್ರ ಜತಿಗೆ ತರ್ರಿ."

ಬೆಂಕಿ ಆರಿದ ಮೇಲೆ ಅಜ್ಜನಿಗೂ ಬೇರೆ ಕೆಲಸವಿರಲಿಲ್ಲ. ಹೀಗೆ ನಾನು, ಅವ್ವ, ಗೌರಿ, ಸಲಾಕೆ ಹಿಡಿದ ಈರಪ್ಪಜ್ಜ, ನಾಲ್ಕೂ ಜನ ದವಾಖಾನೆಯ ಜಗಲಿಯಲ್ಲಿ ಸಾಲಾಗಿ ಕೂತೆವು. ನಮ್ಮ ಸರದಿ ಬರಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ಅತ್ತೆ ಸೊಸೆ ಒಂದು ಮಾತೂ ಆಡಲಿಲ್ಲ. ನಾನು ನಡುವೆ ಕೂತು ಎರಡೂ ಕಡೆಯ ಉಸಿರು ಕೇಳುತ್ತಿದ್ದೆ. ನನಗೆ ಆಗ ಸಾಯುವ ಭಯಕ್ಕಿಂತ, ನಾನು ಸತ್ತರೆ ಇವರಿಬ್ಬರೂ ಹೀಗೇ ಮಾತಿಲ್ಲದೆ ಒಂದೇ ಮನೆಯಲ್ಲಿ ಇರಬೇಕಾಗುತ್ತದಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು.

ಡಾಕ್ಟರು ಒತ್ತಿ ನೋಡಿ, "ಮೂರು" ಎಂದರು. "ಭೇಷ್. ಒಂದು ಬೆರಳು ಇಳಿದಿದೆ."

"ಸುಳ್ಳು!" ಎಂದಳು ಅವ್ವ. ಇಡೀ ದವಾಖಾನೆಗೆ ಕೇಳಿಸಿತು. "ನಾನ್ ಅಳದೀನಿ. ಐದು ಐತಿ. ನನ್ ಮಗನ್ ಹೊಟ್ಟಿ ನನಗ ಗೊತ್ತಿಲ್ಲೇನು?"

ಡಾಕ್ಟರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಅವ್ವನನ್ನು ಹತ್ತಿರ ಕರೆದು, "ಅಳೆಯಮ್ಮಾ, ನೋಡೋಣ" ಎಂದರು. ಅವ್ವ ಬೆರಳಿಟ್ಟಳು. ಐದು ಬಾರದೆ ನಾಲ್ಕೂವರೆ ಬಂತು, ಆದರೂ ಬಿಟ್ಟುಕೊಡಲಿಲ್ಲ. ಆಗ ಡಾಕ್ಟರು ಸುಮ್ಮನೆ ತಮ್ಮ ಅಂಗೈಯನ್ನು ಅವಳ ಅಂಗೈ ಪಕ್ಕದಲ್ಲಿ ಚಾಚಿದರು. ಅವರ ಬೆರಳುಗಳು ಎಳೆ ಬದನೆಕಾಯಿಯಷ್ಟು ದಪ್ಪ. ಬೀಸಿ, ಕುಟ್ಟಿ, ಸವೆದ ಅವ್ವನ ಬೆರಳುಗಳು ಕಡ್ಡಿಯಷ್ಟು. ಅವರ ಎರಡು ಬೆರಳಿಗೆ ಅವಳ ಮೂರು ಬೇಕಾಗುತ್ತಿತ್ತು.

ಅವ್ವ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹಂಗಂದ್ರ... ಮೊದಲಿಂದನ ಇಳದೈತೇನು?" ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಗೌರಿ ಪಕ್ಕದಲ್ಲಿ ಕೂತು ಸೆರಗಿನಿಂದ ಅವಳ ಮುಖ ಒರೆಸಿದಳು. "ನನಗೊಂದ್ ಮಾತು ಹೇಳಬೇಕಿಲ್ಲೇನತ್ತಿ? ಒಬ್ಬಾಕೀನ ಇಷ್ಟೆಲ್ಲ ನುಂಗಿಕೊಂಡು..." ಎನ್ನುತ್ತ ತಾನೂ ಅತ್ತಳು. ನನ್ನನ್ನು ಯಾರೂ ಕೇಳಲಿಲ್ಲ, ನಾನು ಅಂಗಿ ಎತ್ತಿಕೊಂಡು ಹಾಗೇ ಮಲಗಿದ್ದೆ.

ಈರಪ್ಪಜ್ಜ ಸಲಾಕೆಯನ್ನು ಬಾಗಿಲ ಹಿಂದೆ ಒರಗಿಸಿ ಮೆಲ್ಲಗೆ ಮುಂದೆ ಬಂದರು. "ಸ್ವಾಮೀ, ಬಂದದ್ದು ಬಂದೀನಿ. ನಂದೂ ಒಂದಿಷ್ಟು ನೋಡ್ತೀರೇನ್ರಿ? ಭಾಳ ದಿನದಿಂದ ಎಡಕ್ಕ ಭಾರ" ಎಂದರು. ಅವರದು ಎರಡು ಬೆರಳಿತ್ತು. ಹೊರಗೆ ಹುಣಸೆ ಮರದ ಬುಡದಿಂದ ಗೌರಿಯೇ ಅವರಿಗೊಂದು ಬಾಟಲಿ ಹುಡುಕಿ ಕೊಟ್ಟಳು.

ಗುಣವಾಗುವುದು ಘಾಟಿ ಏರಿದ ಹಾಗೆ ನಿಧಾನ. ಎಂಟು ತಿಂಗಳ ಮೇಲೆ ಗಡ್ಡೆ ಒಂದು ಬೆರಳಿಗೆ ಬಂತು. ಜ್ವರ ನಿಂತಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ನಾನು ದಿನಾ ಹೋಗಿ ಪೀಡಿಸಿದ್ದಕ್ಕೆ ಡಾಕ್ಟರು ಒಂದು ವಿಚಿತ್ರ ಪರವಾನಗಿ ಕೊಟ್ಟರು. "ಸಪಾಟು ರಸ್ತೆಯಲ್ಲಿ ಹೋಗು. ಏರುವಾಗಲೂ ತುಳಿ, ನಿಧಾನ ಹೋಗುವವನು ಬಿದ್ದು ಸಾಯುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಇಳಿದು ನಡೆಯಬೇಕು. ಪ್ರಮಾಣ ಮಾಡು."

ಪ್ರಮಾಣ ಮಾಡಿದೆ. ತೊಲೆಯಿಂದ ಸೈಕಲ್ ಇಳಿಸಿದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿ, ಹಿಂದೆ ಮುಂದೆ ನಿಂಬೆಹಣ್ಣು ಕಟ್ಟಿದಳು.

ಹೀಗೆ ಇಡೀ ಸೀಮೆಯಲ್ಲಿ ಘಾಟಿಯನ್ನು ಸೈಕಲ್ ಮೇಲೆ ಏರಿ, ನಡೆದು ಇಳಿಯುವ ಒಬ್ಬನೇ ಮನುಷ್ಯ ನಾನಾದೆ. ಏರುವಾಗ ನಾಲಿಗೆ ಹೊರಹಾಕಿ ತುಳಿಯುವುದು, ಸುಖದ ಇಳಿಜಾರು ಬಂದ ಕೂಡಲೇ ಇಳಿದು ಸೈಕಲ್ಲನ್ನು ಎಮ್ಮೆಯ ಹಾಗೆ ಹಿಡಿದುಕೊಂಡು ನಡೆಯುವುದು. ಬಂಡಿಯವರು ನಗುತ್ತಿದ್ದರು. "ಹನುಮಂತಪ್ಪಾ, ಸೈಕಲ್ಲಿಗೆ ಹುಲ್ಲು ಮೇಸಾಕ ಹೊಂಟಿಯೇನಲೇ?" ಎಂದು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ.

ನಡೆದು ಇಳಿದದ್ದರಿಂದ ಆ ಗುಡ್ಡವನ್ನು ಮೊದಲ ಸಲ ಸರಿಯಾಗಿ ನೋಡಿದೆ ಎಂದೂ ಹೇಳಬೇಕು. ಎರಡನೆಯ ತಿರುವಿನಲ್ಲಿ ಬೇಸಿಗೆಯಲ್ಲೂ ಬತ್ತದ ಸಣ್ಣ ಒರತೆಯಿದೆ. ಮುಸುವಗಳು ಬಿಸಿಲು ಕಾಯಿಸಿಕೊಳ್ಳುವ ಒಂದು ಚಪ್ಪಟೆ ಬಂಡೆಯಿದೆ. ಮಳೆ ಬಿದ್ದ ವಾರಕ್ಕೆ ಕೆಮ್ಮಣ್ಣಿನ ಮೇಲೆಲ್ಲ ಹುಲ್ಲು ಎದ್ದು ಗುಡ್ಡ ಬೇರೆಯದೇ ಆಗುತ್ತದೆ. ಕಾಯಿಲೆ ನನಗೆ ಇಷ್ಟನ್ನು ಕೊಟ್ಟಿತು, ಇಲ್ಲವೆನ್ನಲಾರೆ.

ಮತ್ತೊಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಡಾಕ್ಟರು ಒತ್ತಿ, ಉಸಿರು ಎಳೆಸಿ, ಮತ್ತೆ ಒತ್ತಿ, "ಕೈಗೆ ಸಿಗುತ್ತಿಲ್ಲ. ಹೋಗಯ್ಯಾ, ಇನ್ನು ಇಳಿಜಾರೂ ನಿನ್ನದೇ" ಎಂದು ಬೆನ್ನು ತಟ್ಟಿದರು. ನಾನು ಕುಣಿಯುತ್ತ ಹೊರಗೆ ಬಂದೆ. ಮಾರನೆಯ ದಿನ ಎಲೆ ಹೇರಿಕೊಂಡು ಹೊರಟೆ. ನೆತ್ತಿ ಮುಟ್ಟಿದೆ. ಗಾಳಿ ಬಂತು, ಕಣಿವೆ ಬಿಚ್ಚಿಕೊಂಡಿತು.

ಕಾಲು ಏಳಲಿಲ್ಲ.

ಸೀಟಿನ ಮೇಲೆ ಕೂತು, ಒಂದು ಕಾಲು ನೆಲದಲ್ಲಿಟ್ಟು, ಇಳಿಜಾರನ್ನು ನೋಡಿದೆ. ಒಳಗೇ ಒಡೆಯುತ್ತದೆ, ನೀರು ಕೇಳುವಷ್ಟು ಹೊತ್ತೂ ಉಳಿಯುವುದಿಲ್ಲ. ಅದೇ ಮಾತು ತಲೆಯಲ್ಲಿ. ಗಡ್ಡೆ ಹೋಗಿತ್ತು, ಅದರ ಭಯ ಅಲ್ಲೇ ಕೂತಿತ್ತು. ಅದನ್ನು ಯಾವ ಬೆರಳಿನಿಂದ ಅಳೆಯುವುದು? ಇಳಿದು ನಡೆದೆ. ಮುಂದಿನ ಸಲವೂ ನಡೆದೆ. ಮನೆಯಲ್ಲಿ ಏನು ಹೇಳಲಿ? "ಡಾಕ್ಟ್ರು ಇನ್ನೂ ಬ್ಯಾಡ ಅಂದಾರ" ಎಂದು ಸುಳ್ಳು ಹೇಳಿದೆ. ಮೂರು ತಿಂಗಳು ಆ ಸುಳ್ಳಿನಲ್ಲೇ ಘಾಟಿ ಇಳಿದೆ. ಕಾಯಿಲೆ ಬಿದ್ದವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ: ಗುಣವಾದ ಮೇಲೂ ಅಂಜಿಕೆ ಇರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆಗ ಮಾತ್ರ ನನಗೆ ಭಾಳ ನಾಚಿಕೆಯಾಗಿತ್ತು.

ಗೌರಿಯ ತಂಗಿಯ ಸೀಮಂತಕ್ಕೆ ಅವಳು ಸಂಡೂರಿಗೆ ಹೊರಟದ್ದು ಆಗಲೇ. ಅವಳು ಮೋಟಾರಿನಲ್ಲಿ, ನಾನು ಎಂದಿನಂತೆ ಸೈಕಲ್ಲಿನಲ್ಲಿ. ಏರು ಮುಗಿದ ಮೇಲೆ ಮೋಟಾರು ನೆತ್ತಿಯ ಮೇಲೆ ನಿಲ್ಲುತ್ತದೆ, ಡ್ರೈವರು ಕಾದ ಇಂಜಿನ್ನಿಗೆ ನೀರು ಹುಯ್ಯುತ್ತಾನೆ. ನಾನು ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೋಟಾರು ಅಲ್ಲೇ ಇತ್ತು. ನಾನು ಸೈಕಲ್ಲಿನಿಂದ ಇಳಿದು ನಡೆಯಲು ಶುರು ಮಾಡಿದ್ದನ್ನು ಗೌರಿ ಕಿಟಕಿಯಿಂದ ನೋಡಿದಳು. ಬುಟ್ಟಿ ಸೀಟಿನ ಮೇಲೇ ಬಿಟ್ಟು ಇಳಿದು ಬಂದಳು. ಮೋಟಾರಿನ ಜನವೆಲ್ಲ ಕತ್ತು ಹೊರಗೆ ಹಾಕಿದರು.

"ಡಾಕ್ಟ್ರು ನಿಮಗ ಇಳಿಜಾರಿಗೆ ಹೂಂ ಅಂದು ಮೂರು ತಿಂಗಳಾತು" ಎಂದಳು. "ಅತ್ತಿ ಔಷಧಕ್ಕ ನಾ ಹೋದಾಗ ಅವರೇ ಹೇಳಿದ್ರು. ನೀವಾಗೇ ಹೇಳ್ತೀರೇನೋ ಅಂತ ಸುಮ್ಮನಿದ್ದೆ."

ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. "ಅಂಜಿಕಿ ಆಗ್ತೈತಿ ಗೌರಿ" ಎಂದೆ. "ಕುಂದರ್ತೀನಿ, ಕಾಲು ಏಳಂಗಿಲ್ಲ."

ಅವಳು ನಗಲಿಲ್ಲ. ಕ್ಯಾರಿಯರಿನ ಗೋಣಿಯ ಹಗ್ಗ ಬಿಚ್ಚಿ, ಎಲೆಯ ಹೊರೆಯನ್ನು ಎತ್ತಿ ಒಯ್ದು ಮೋಟಾರಿನ ಮೇಲೆ ಹಾಕಿಸಿದಳು. "ನಮ್ಮಪ್ಪನ ಅಂಗಡಿಗೆ ಇಳಿಸಿಬಿಡಣ್ಣ, ಬುಟ್ಟೀನೂ ಕೊಟ್ಟುಬಿಡು" ಎಂದು ಡ್ರೈವರಿಗೆ ಹೇಳಿ, ಮೋಟಾರು ಹೊರಡುವವರೆಗೆ ಕಾದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾರಿಯರಿನ ಮೇಲೆ ಒಂದು ಪಕ್ಕಕ್ಕೆ ಕೂತಳು.

"ಏನ್ ಮಾಡಾಕತ್ತಿ?" ಎಂದೆ. "ಬಿದ್ರ ನೀನೂ ಬೀಳ್ತಿ."

"ಹೂಂ. ಅದಕ್ಕ ಕುಂತೀನಿ. ನಡೀರಿ."

"ನಿನಗ ಅಂಜಿಕಿ ಇಲ್ಲೇನು?"

"ಎರಡು ವರ್ಷದಿಂದ ಐತಿ" ಎಂದಳು. "ನೀವು ಘಾಟಿಗೆ ಹೋದ ದಿನ ನೀವು ಬರೂತನ ನಾನು ಒಂದು ತುತ್ತು ಉಂಡಿಲ್ಲ. ಇವತ್ತು ಇಬ್ರೂ ಕೂಡೇ ಅಂಜೂಣು, ಬಿಡ್ರಿ ಸೈಕಲ್ಲ."

ನನ್ನ ಅಂಗಿಯನ್ನು ಅವಳು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಒಮ್ಮೆ ಉಸಿರು ಎಳೆದುಕೊಂಡು ನೆಲದಿಂದ ಕಾಲು ಎತ್ತಿದೆ.

ಮೊದಲ ತಿರುವಿನವರೆಗೆ ಬ್ರೇಕು ಬಿಡಲೇ ಇಲ್ಲ. ಎರಡನೆಯ ತಿರುವಿನಲ್ಲಿ ಕೈ ತಾನೇ ಸಡಿಲಾಯಿತು. ಗಾಳಿ ಬಂತು, ಅದೇ ಹಳೆಯ ಗಾಳಿ, ಕಿವಿ ತುಂಬ. ಗುಡ್ಡದ ಕೆಂಪು ಎರಡೂ ಕಡೆ ಹರಿದುಹೋಯಿತು. ಹಿಂದಿನಿಂದ ಒಂದು ಸದ್ದೂ ಇಲ್ಲ. ಅಳುತ್ತಿದ್ದಾಳೆ ಎಂದುಕೊಂಡೆ, ತಿರುಗಿ ನೋಡುವ ಹಾಗಿರಲಿಲ್ಲ. ಕೆಳಗೆ ದಾರಿ ಸಪಾಟಾದ ಮೇಲೆ ಒಂದು ಬೇವಿನ ಮರದ ಹತ್ತಿರ ನಿಲ್ಲಿಸಿದೆ. ಗೌರಿ ಇಳಿದಳು. ಕೂದಲೆಲ್ಲ ಬಿಚ್ಚಿಹೋಗಿ, ಮುಖದ ತುಂಬ ಕೆಂಪು ಧೂಳು. ಕಣ್ಣಲ್ಲಿ ನೀರಿತ್ತು, ಅದು ಗಾಳಿಗೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ. ನಾವು ಬಂದ ಘಾಟಿಯನ್ನು ಒಮ್ಮೆ ತಲೆಯೆತ್ತಿ ಉದ್ದಕ್ಕೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಸಿಟ್ಟು ಬಂದವಳ ದನಿಯಲ್ಲಿ ಕೇಳಿದಳು:

"ಇಷ್ಟ್ ಚಂದ ಇರೋದನ್ನ ಇಷ್ಟು ವರ್ಷ ನೀವೊಬ್ರೇ ಇಟ್ಕೊಂಡಿದ್ರೇನ್ರೀ?"